ಪಾತ್ರೆಯ ಅಳತೆಗೆ ಕಟ್ಟುವ ಒಲೆ

ಒಲೆಗೆ ಇಟ್ಟ ಸೌದೆ ಇಟ್ಟ ತಕ್ಷಣ ಉರಿಯುವುದಿಲ್ಲ. ಮೊದಲು ಬಿಸಿಯೇರಿ ತನ್ನೊಳಗಿನ ನೀರನ್ನು ಬಿಡುತ್ತದೆ. ಕಾವು ಇನ್ನೂರು ಮುನ್ನೂರು ಡಿಗ್ರಿ ದಾಟಿದಾಗ ಮರವೇ ಒಡೆದು ಅನಿಲವಾಗಿ ಹೊರಬರತೊಡಗುತ್ತದೆ. ಒಣಮರದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವುದು ಹೀಗೆಯೇ. ನಮ್ಮ ಕಣ್ಣಿಗೆ ಕಾಣುವ ಜ್ವಾಲೆ ಆ ಅನಿಲದ್ದು. ಕೊನೆಗೆ ಉಳಿದ ಇದ್ದಿಲು ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ. ಅನಿಲ ಪೂರ್ತಿ ಉರಿಯಬೇಕಾದರೆ ಆರುನೂರು ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು, ಸಾಕಷ್ಟು ಗಾಳಿ ಬೇಕು, ಅವೆರಡರ ನಡುವೆ ಒಂದಿಷ್ಟು ಹೊತ್ತು ಸುಳಿಯುವ ಅವಕಾಶ ಬೇಕು. ಯಾವುದೊಂದು ಕಡಿಮೆಯಾದರೂ ಅನಿಲದ ಒಂದು ಭಾಗ ಉರಿಯದೆಯೇ ತಣ್ಣಗಾಗಿ ಟಾರಿನ ಹನಿಗಳೂ ಮಸಿಯ ಕಣಗಳೂ ಆಗಿಬಿಡುತ್ತದೆ. ಕಣ್ಣು ಉರಿಸುವ ಹೊಗೆ ಅದೇ. ಎಂದರೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಸೌದೆಯೂ ಹಾಳು, ಶ್ವಾಸಕೋಶವೂ ಹಾಳು.

ಈ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯ ಅಡುಗೆಮನೆಯನ್ನು ಹೊಸದಾಗಿ ಕಟ್ಟಲು ಮನೆಮಂದಿಯೆಲ್ಲ ಸೇರಿದ್ದೆವು. ಗ್ಯಾಸ್ ಅಲ್ಲಿಗೆ ಬಂದು ವರ್ಷಗಳಾಗಿವೆ. ಕಾಫಿ, ದೋಸೆ, ದಿನದ ಸಾರು ಅದರ ಮೇಲೆಯೇ. ಆದರೆ ಸ್ನಾನಕ್ಕೆ ನೀರು ಕಾಯಿಸುವುದು, ದನಗಳ ಅಕ್ಕಚ್ಚು, ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುವುದು, ನೆಂಟರಿಷ್ಟರು ಬಂದ ದಿನದ ದೊಡ್ಡ ಅಡುಗೆ, ಇವೆಲ್ಲ ಇವತ್ತಿಗೂ ಸೌದೆ ಒಲೆಯ ಮೇಲೆ. ತೋಟದಲ್ಲಿ ಒಣಗಿ ಬಿದ್ದದ್ದು ಸಾಕಷ್ಟಿರುವ ಮಲೆನಾಡಿನ ಮನೆಗಳಲ್ಲಿ ಇದು ಸಾಮಾನ್ಯ. ಉಳಿದವರು ಗ್ರಾನೈಟ್ ಕಟ್ಟೆ, ಟೈಲ್ಸ್, ಕಪಾಟು ಎಂದು ಮಾತಾಡುತ್ತಿದ್ದಾಗ ನನ್ನ ಗಮನವೆಲ್ಲ ಮೂಲೆಯ ಆ ಒಲೆಯ ಮೇಲಿತ್ತು. ಅಡುಗೆಮನೆಯ ಗೋಡೆಗೆ ಎಷ್ಟೇ ಖರ್ಚು ಮಾಡಿದರೂ ಅಲ್ಲಿ ನಿಲ್ಲುವವರು ಉಸಿರಾಡುವ ಗಾಳಿಯನ್ನು ನಿರ್ಧರಿಸುವುದು ಒಲೆಯೇ ತಾನೆ.

ಒಂದು ಸಣ್ಣ ಲೆಕ್ಕ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಶಾಖ ಅಡಗಿರುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಬೇಕಾದದ್ದು 0.3 ಮೆಗಾಜೂಲಿಗಿಂತ ತುಸು ಹೆಚ್ಚು. ಹಾಗಾದರೆ ಒಂದು ಕಿಲೋ ಸೌದೆಯಲ್ಲಿ 50 ಲೀಟರ್ ನೀರು ಕುದಿಯಬೇಕು. ಮೂರು ಕಲ್ಲಿನ ಒಲೆಯಲ್ಲಿ ಐದೋ ಏಳೋ ಲೀಟರ್ ಕುದಿದರೆ ಹೆಚ್ಚು. ಉಳಿದ ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ಗೋಡೆಯನ್ನೂ ಗಾಳಿಯನ್ನೂ ಕಾಯಿಸುತ್ತದೆ, ಹೊಗೆಯಾಗಿ ಮಾಡಿಗೆ ಹತ್ತುತ್ತದೆ.

ಈ ನಷ್ಟವನ್ನು ನಮ್ಮ ಹಿರಿಯರು ಗಮನಿಸದೆ ಇರಲಿಲ್ಲ. ಹಳೆಯ ಮನೆಗಳ ಕೋಡೊಲೆಯನ್ನು ನೋಡಿ. ದೊಡ್ಡ ಒಲೆಯ ಪಕ್ಕಕ್ಕೆ ಇನ್ನೊಂದು ಬಾಯಿ ತೆರೆದು, ಮುಖ್ಯ ಪಾತ್ರೆಯ ಅಡಿ ಹಾದು ಬಂದ ಬಿಸಿಯಲ್ಲೇ ಇನ್ನೊಂದು ಪಾತ್ರೆ ಕಾಯುವ ಹಾಗೆ ಮಾಡಿದ್ದರು. ಇದೇ ಹಾದಿಯನ್ನು ಅಳೆದು, ಮುಚ್ಚಿ, ಕೊನೆಯವರೆಗೂ ಕೊಂಡೊಯ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ಗ್ರಾಮೀಣ ತಂತ್ರಜ್ಞಾನಕ್ಕಾಗಿಯೇ ‘ಅಸ್ತ್ರ’ ಎಂಬ ಘಟಕವನ್ನು ಕಟ್ಟಿದರು. ರೆಡ್ಡಿಯವರು ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ಜಗತ್ತಿಗೇ ಪಠ್ಯವಾದ ಗ್ರಂಥದ ಸಹಲೇಖಕರು. ಅಂಥವರು ಹಳ್ಳಿಯ ಒಲೆಯ ಮುಂದೆ ಕುಳಿತರು ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಈ ಘಟಕಕ್ಕೆ ಪ್ರಯೋಗ ಕೇಂದ್ರವಿತ್ತು. 1980ರ ದಶಕದ ಆರಂಭದಲ್ಲಿ ಲೋಕ್ರಸ್, ಜಗದೀಶ್ ಮತ್ತು ಅವರ ಸಂಗಡಿಗರು ರೂಪಿಸಿದ ಮೂರು ಪಾತ್ರೆಯ ಮಣ್ಣಿನ ಒಲೆ ‘ಅಸ್ತ್ರ ಒಲೆ’ ಎಂದು ಹೆಸರಾಯಿತು. ಪ್ರಯೋಗದಲ್ಲಿ ಅದು ಸೌದೆಯ ಶಾಖದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಪಾತ್ರೆಗೆ ತಲುಪಿಸಿತು.

ಚಿಕ್ಕಮ್ಮನ ಮನೆಗೆ ನಾವು ಆರಿಸಿದ್ದೂ ಅದನ್ನೇ. ಅದರೊಳಗೆ ನಡೆಯುವುದು ಹೀಗೆ. ಸೌದೆ ಉರಿಯುವುದು ನೆಲದ ಮೇಲಲ್ಲ, ಕಬ್ಬಿಣದ ಸರಳಿನ ಜಾಲರಿಯ ಮೇಲೆ. ಬೂದಿ ಕೆಳಗೆ ಉದುರುತ್ತದೆ, ಕೆಳಗಿನಿಂದ ಗಾಳಿ ಏರಿ ಕೆಂಡದ ನಡುವೆ ನುಗ್ಗುತ್ತದೆ. ಊದುಕೊಳವೆ ಹಿಡಿದು ಊದಬೇಕಾದ ಪ್ರಸಂಗ ಅಪರೂಪ. ಸೌದೆ ತುರುಕುವ ಬಾಯಿಗೆ ಮುಚ್ಚಳವಿರುವುದರಿಂದ ಅಲ್ಲಿಂದ ಬೇಡದ ತಣ್ಣನೆಯ ಗಾಳಿ ನುಗ್ಗಿ ಉರಿಯನ್ನು ತಂಪು ಮಾಡುವುದಿಲ್ಲ. ಪಾತ್ರೆಗಳು ಒಲೆಯ ಮೇಲೆ ಕೂರದೆ ಒಳಗೆ ಇಳಿದಿರುತ್ತವೆ, ಆದ್ದರಿಂದ ತಳದ ಜೊತೆಗೆ ಮೈಗೂ ಶಾಖ ತಾಗುತ್ತದೆ. ಮೊದಲ ಪಾತ್ರೆಗೆ ನೇರ ಉರಿ. ಅದನ್ನು ಸವರಿದ ಬಿಸಿಗಾಳಿ ಮಣ್ಣಿನ ಸುರಂಗದಲ್ಲಿ ಹಾದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಕೊನೆಗೆ ಹೊಗೆಕೊಳವೆಯಿಂದ ಮಾಡಿನ ಮೇಲಕ್ಕೆ. ಅನ್ನಕ್ಕೆ ಎಸರು ಮೊದಲ ಬಾಯಲ್ಲಿ, ಬೇಳೆ ಎರಡನೆಯದರಲ್ಲಿ, ಪಾತ್ರೆ ತೊಳೆಯುವ ಬಿಸಿನೀರು ಮೂರನೆಯದರಲ್ಲಿ ಎಂದು ಚಿಕ್ಕಮ್ಮ ಕೇಳಿದ ಕೂಡಲೇ ಹಂಚಿಬಿಟ್ಟರು.

ಗಾಳಿಯನ್ನು ಎಳೆಯುವುದು ಹೊಗೆಕೊಳವೆ. ಅದಕ್ಕೆ ಫ್ಯಾನಿಲ್ಲ, ಮೋಟಾರಿಲ್ಲ. ಕೊಳವೆಯೊಳಗಿನ ಬಿಸಿ ಅನಿಲ ಹೊರಗಿನ ಗಾಳಿಗಿಂತ ಹಗುರ, ಆ ವ್ಯತ್ಯಾಸವೇ ಎಳೆತ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ ಅನಿಲ ಸರಾಸರಿ 150 ಡಿಗ್ರಿ ಇದ್ದರೆ ಸಿಗುವ ಒತ್ತಡದ ವ್ಯತ್ಯಾಸ ಸುಮಾರು 10 ಪಾಸ್ಕಲ್. ಅಂದರೆ ಒಂದು ಮಿಲಿಮೀಟರ್ ನೀರಿನ ಭಾರ, ವಾತಾವರಣದ ಒತ್ತಡದ ಹತ್ತು ಸಾವಿರದಲ್ಲಿ ಒಂದು ಭಾಗ. ಇಡೀ ಯಂತ್ರ ನಿಂತಿರುವುದು ಇಷ್ಟು ಕ್ಷೀಣವಾದ ಬಲದ ಮೇಲೆ. ಹಾಗಾಗಿ ಸಣ್ಣ ಬಿರುಕೂ ದೊಡ್ಡದೇ. ಪಾತ್ರೆಗೂ ಬಾಯಿಗೂ ನಡುವೆ ಸಂದು ಬಿಟ್ಟರೆ ತಣ್ಣನೆಯ ಗಾಳಿ ಆ ದಾರಿಯಿಂದ ಒಳಸೇರಿ ಕೊಳವೆಯ ಎಳೆತ ಸೋಲುತ್ತದೆ, ಹೊಗೆ ಒಳಕ್ಕೇ ಹೊರಳುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ದಾರಿಯ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಮುಚ್ಚಿಹೋಯಿತು ಎಂದೇ ಲೆಕ್ಕ.

ಈ ಒಲೆಯನ್ನು ಅಂಗಡಿಯಿಂದ ತಂದು ಇಡುವಂತಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ. ಅಳತೆ ತೆಗೆದು ಹೊಲಿಯುವ ರವಿಕೆಯ ಹಾಗೆ ಇದನ್ನು ಆ ಮನೆಯ ಪಾತ್ರೆಗಳಿಗೆ ಹೊಂದಿಸಿ ಕಟ್ಟಬೇಕು. ಅಳತೆ ಗೊತ್ತಿರುವುದು ಮೇಸ್ತ್ರಿಗಲ್ಲ, ಅಡುಗೆ ಮಾಡುವವರಿಗೆ. ಚಿಕ್ಕಮ್ಮ, ಅತ್ತಿಗೆ, ಅಜ್ಜಿ ಮೂವರೂ ಅಟ್ಟದಿಂದ ಪಾತ್ರೆಗಳನ್ನು ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟು ಯಾವುದು ದಿನವೂ ಬೇಕು, ಯಾವುದು ಹಬ್ಬಕ್ಕೆ ಮಾತ್ರ ಎಂದು ವಿಂಗಡಿಸಿದರು. ಅಜ್ಜಿಯ ಆಕ್ಷೇಪ ಅಕ್ಕಿ ರೊಟ್ಟಿಯದು: ಕಾವಲಿ ಚಪ್ಪಟೆ, ಒಲೆಯ ಬಾಯೊಳಗೆ ಇಳಿಯುವುದಿಲ್ಲ, ಉರಿಯ ಮುಂದೆ ಎಳೆದುಕೊಂಡ ಕೆಂಡದಲ್ಲಿ ರೊಟ್ಟಿ ಉಬ್ಬಿಸಬೇಕು, ಬಾಯಿ ಮುಚ್ಚಿದ ಒಲೆಯಲ್ಲಿ ಕೆಂಡ ಎಲ್ಲಿ ಸಿಗುತ್ತದೆ? ಇದು ನಿಜವಾದ ಕೊರತೆ. ರೊಟ್ಟಿಗೆಂದೇ ಹಿತ್ತಲ ಚಪ್ಪರದಡಿ ಗಾಳಿಯಾಡುವ ಕಡೆ ಒಂದು ಚಿಕ್ಕ ಒಲೆ ಉಳಿಸಿದೆವು.

ಅಡುಗೆ ಮಾಡುವವರ ಇಂಥ ಮಾತನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 1983ರ ಕೊನೆಯಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ದೇಶದ ಉದ್ದಗಲಕ್ಕೂ ಕೋಟಿಗಟ್ಟಲೆ ಒಲೆಗಳು ಬಂದವು, ಬಹಳಷ್ಟು ಬೇಗನೆ ಮೂಲೆ ಸೇರಿದವು. ಮುಂದೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಒಡಿಶಾದ ಹಳ್ಳಿಗಳಲ್ಲಿ ಹೊಗೆಕೊಳವೆಯ ಮಣ್ಣಿನ ಒಲೆ ಪಡೆದ ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಹೊಗೆ ಸೇವನೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಒಲೆಗಳು ಬಿರುಕು ಬಿಟ್ಟಿದ್ದವು, ಕೊಳವೆ ಶುಚಿ ಮಾಡುವವರಿರಲಿಲ್ಲ, ಜನ ಹಳೆಯ ಒಲೆಗೆ ಮರಳಿದ್ದರು. ವಿನ್ಯಾಸ ಎಷ್ಟೇ ಒಳ್ಳೆಯದಿರಲಿ, 10 ಪಾಸ್ಕಲ್‌ನ ಯಂತ್ರಕ್ಕೆ ದಿನದಿನದ ಒಡನಾಟ ಬೇಕು. ಅದನ್ನು ಅಡುಗೆ ಮಾಡುವ ಹೆಂಗಸೊಬ್ಬಳ ಹೆಗಲಿಗೇ ಬಿಟ್ಟರೆ ಸೋಲು ಖಚಿತ ಎಂಬುದು ನನ್ನ ಗಟ್ಟಿ ನಂಬಿಕೆ. ಮುಚ್ಚಿದ ಉರಿಗೂಡಿಗೆ ಸೌದೆಯನ್ನು ಸಣ್ಣದಾಗಿ ಸೀಳಬೇಕು, ಅದನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಒಟ್ಟಬೇಕು. ಹಸಿ ಸೌದೆಯ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಅದನ್ನು ಆವಿಯಾಗಿಸುವುದರಲ್ಲೇ ಉರಿಯ ಕಾವು ಕುಗ್ಗಿ ಹೊಗೆ ಏಳುತ್ತದೆ. ಸೀಳುವುದು, ಒಟ್ಟುವುದು ಗಂಡಸರ ಪಾಲಿನ ಕೆಲಸ ಎಂದು ಅಂಗಳದಲ್ಲೇ ತೀರ್ಮಾನವಾಯಿತು.

ಹೊಗೆ ಹೊರಗೆ ಹೋಗುವುದರಲ್ಲಿ ನಷ್ಟವೂ ಇದೆ. ಅಟ್ಟದಲ್ಲಿಟ್ಟ ಬಿತ್ತನೆ ಬೀಜಕ್ಕೆ ಹುಳು ಹತ್ತದಂತೆ, ಮಾಡಿನ ಜಂತಿಗಳನ್ನು ಹುಳ ಕೊರೆಯದಂತೆ ಕಾಯುತ್ತಿದ್ದದ್ದು ಆ ಹೊಗೆಯೇ. ಮಳೆಗಾಲದಲ್ಲಿ ಬಟ್ಟೆ, ಹಪ್ಪಳ, ಅಡಿಕೆ ಒಣಗುತ್ತಿದ್ದದ್ದೂ ಆ ಬಿಸಿಯಲ್ಲೇ. ಚಿಕ್ಕಪ್ಪ ಇದನ್ನು ಎತ್ತಿದಾಗ ಯಾರೂ ತಳ್ಳಿಹಾಕಲಿಲ್ಲ. ಬೀಜಗಳು ಬಿಗಿ ಮುಚ್ಚಳದ ಡಬ್ಬಿಗೆ ಹೋದವು, ಜಂತಿಗಳಿಗೆ ಗೇರೆಣ್ಣೆ ಬಳಿದದ್ದಾಯಿತು. ಎದುರಿಗೆ ತೂಗಬೇಕಾದದ್ದು ಇನ್ನೊಂದಿತ್ತು. 1980ರ ದಶಕದ ಮೊದಲ ವರ್ಷಗಳಲ್ಲಿ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಹೊಗೆಯನ್ನು ಅಳೆದ ಕರ್ಕ್ ಸ್ಮಿತ್, ತೆರೆದ ಒಲೆಯೊಂದು ಗಂಟೆಗೆ 400 ಸಿಗರೇಟು ಉರಿದಷ್ಟು ಹೊಗೆ ಬಿಡುತ್ತದೆ ಎಂದು ಹೇಳುತ್ತಿದ್ದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಜ್ಜಿಯ ಕೆಮ್ಮನ್ನು ಕೇಳಿಕೊಂಡು ಬೆಳೆದ ನಮಗೆ ಈ ತೂಕ ಕಷ್ಟವಾಗಲಿಲ್ಲ.

ಕಟ್ಟುವಾಗ ಮೊದಲು ತೀರ್ಮಾನಿಸಿದ್ದು ಎತ್ತರ. ಪಾತ್ರೆ ಒಳಗಿಳಿಯುವ ಒಲೆಯೇ ಒಂದಡಿಗೂ ಹೆಚ್ಚು ಎತ್ತರ, ಆದ್ದರಿಂದ ಅದರಡಿಯ ಕಟ್ಟೆ ಗ್ಯಾಸಿನ ಕಟ್ಟೆಗಿಂತ ಅಷ್ಟೇ ತಗ್ಗಿರಬೇಕು. ಇಲ್ಲದಿದ್ದರೆ ಪಾತ್ರೆಯೊಳಗೆ ಇಣುಕಲು ಮಣೆ ಹತ್ತಬೇಕಾದೀತು. ಚಿಕ್ಕಮ್ಮನನ್ನು ನಿಲ್ಲಿಸಿಯೇ ಗುರುತು ಹಾಕಿದೆವು. ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಮಕ್ಕಳು ತುಳಿದರು. ಹೊಟ್ಟಿನ ಎಳೆಗಳು ಮಣ್ಣನ್ನು ಹಿಡಿದಿಡುವುದರಿಂದ ಒಣಗುವಾಗ ಬಿರುಕು ಕಡಿಮೆ. ಹಿಂದೆ ಹೊಗೆಕೊಳವೆಗೆ ಕಲ್ನಾರು ಸಿಮೆಂಟಿನ ಪೈಪು ಬಳಸುವುದು ವಾಡಿಕೆಯಾಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ, ಹಳೆಯದಿದ್ದರೆ ಗರಗಸ ಹಾಕಬಾರದು, ಒಡೆಯಬಾರದು. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ನಾವು ಸುಟ್ಟ ಜೇಡಿಯ ಪೈಪು ಹಾಕಿದೆವು. ಅದರ ತುದಿ ಮಾಡಿನ ನೆತ್ತಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಮಾಡನ್ನು ದಾಟಿ ಇಳಿಯುವ ಗಾಳಿ ಹೊಗೆಯನ್ನು ಹಿಂದಕ್ಕೆ ಒತ್ತುತ್ತದೆ. ಮಲೆನಾಡಿನ ಮಳೆಗೆ ತಲೆಗೊಂದು ಟೊಪ್ಪಿ, ಹೆಂಚಿನ ಸಂದಿಗೆ ತಗಡು ಬೇಕೇ ಬೇಕು. ಬುಡದಲ್ಲಿ ಮಸಿ ತೆಗೆಯಲು ಇಟ್ಟಿಗೆಯಷ್ಟು ಅಗಲದ ಕಿಂಡಿ ಬಿಟ್ಟು ಮುಚ್ಚಳ ಕೊಟ್ಟೆವು.

ಒಲೆ ನೆರಳಲ್ಲಿ ನಿಧಾನಕ್ಕೆ ಒಣಗಬೇಕು. ಆಮೇಲೂ ಮೊದಮೊದಲು ಪುಳ್ಳೆಯ ಸಣ್ಣ ಉರಿ ಮಾತ್ರ. ಎಳೆತ ಸರಿಯಿದೆಯೇ ಎಂದು ನೋಡಲು ಸೌದೆ ಬಾಯಿಯ ಬಳಿ ಊದುಬತ್ತಿ ಹಿಡಿದರೆ ಸಾಕು: ಹೊಗೆ ಒಳಕ್ಕೆ ಬಾಗಿದರೆ ದಾರಿ ಸರಿಯಿದೆ, ಹೊರಕ್ಕೆ ಬಂದರೆ ಎಲ್ಲೋ ಸಂದು ಇದೆ ಅಥವಾ ಕೊಳವೆ ಕಟ್ಟಿದೆ. ಪಾತ್ರೆಯ ಅಂಚಿನ ಸುತ್ತ ಸಣ್ಣ ಸಂದು ಕಂಡಲ್ಲಿ ಅತ್ತಿಗೆ ಒದ್ದೆ ಮಣ್ಣು ಮೆತ್ತುತ್ತಾರೆ, ಕಿಂಡಿಯ ಮಸಿಯನ್ನು ಪ್ರತಿ ಅಮಾವಾಸ್ಯೆಗೆ ತೆಗೆಯುವ ಕೆಲಸ ಚಿಕ್ಕಪ್ಪನದು, ಮಾಡು ಹತ್ತಿ ಟೊಪ್ಪಿ ಬಿಚ್ಚಿ ಕೊಳವೆಯೊಳಗೆ ಕುಂಚ ಇಳಿಸುವುದು ಅವರ ಮಗನ ಪಾಲಿಗೆ ಬಂದಿದೆ.