ಕವಚ, ಅಸ್ತ್ರ, ಗತಿ: ದೇಶದೇಶಗಳ ಆಧುನಿಕ ರಣವಾಹನಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಕರ್ಣಪರ್ವದ ಆಟವನ್ನಾಗಲಿ ತಾಳಮದ್ದಳೆಯನ್ನಾಗಲಿ ಒಮ್ಮೆಯೂ ಕಾಣದವರು ವಿರಳ. ಕರ್ಣನ ಅವಸಾನಕ್ಕೆ ಕಾರಣವಾದ ಸಂಗತಿಗಳು ಅಲ್ಲಿ ಒಂದೊಂದಾಗಿ ನಿರೂಪಿತವಾಗುತ್ತವೆ. ಹುಟ್ಟಿನೊಡನೆ ಬಂದ ಕವಚವನ್ನು ಆತ ಇಂದ್ರನಿಗೆ ದಾನವಿತ್ತಿದ್ದ. ಪರಶುರಾಮರ ಶಾಪದಿಂದ ಅಸ್ತ್ರದ ಮಂತ್ರ ಸಕಾಲದಲ್ಲಿ ನೆನಪಿಗೆ ಬಾರದಾಯಿತು. ರಥದ ಚಕ್ರ ನೆಲದಲ್ಲಿ ಹೂತು ಗತಿ ನಿಂತುಹೋಯಿತು. ಕವಚ, ಅಸ್ತ್ರ, ಗತಿ ಎಂಬ ಈ ಮೂರರಿಂದಲೂ ವಂಚಿತನಾದ ಮಹಾರಥಿ ರಣದಲ್ಲಿ ನಿರುಪಾಯನಾದನು.

ಇಂದಿನ ಯುದ್ಧಭೂಮಿಯ ಉಕ್ಕಿನ ರಥಗಳಾದ ಟ್ಯಾಂಕುಗಳೂ ಇತರ ಕವಚಧಾರಿ ವಾಹನಗಳೂ ಈ ಮೂರು ಗುಣಗಳ ಮೇಲೆಯೇ ನಿಂತಿವೆ. ಆದರೆ ಈ ಮೂರನ್ನೂ ಪೂರ್ಣವಾಗಿ ಪಡೆದ ವಾಹನವನ್ನು ಯಾವ ದೇಶವೂ ಇದುವರೆಗೆ ನಿರ್ಮಿಸಿಲ್ಲ. ಕವಚ ದಪ್ಪವಾದರೆ ಭಾರ ಹೆಚ್ಚಿ ಗತಿ ಕುಂದುತ್ತದೆ. ಗತಿಗಾಗಿ ಭಾರ ಇಳಿಸಿದರೆ ಕವಚ ತೆಳುವಾಗುತ್ತದೆ. ದೊಡ್ಡ ಫಿರಂಗಿ ಇಟ್ಟರೆ ಒಳಗಿನವರಿಗೆ ಸ್ಥಳ ಸಾಲದಾಗುತ್ತದೆ. ಆದುದರಿಂದ ಪ್ರತಿಯೊಂದು ದೇಶವೂ ತನ್ನ ನೆಲ ಎಂಥದು, ತನ್ನ ಸೈನಿಕನ ಪ್ರಾಣದ ಬೆಲೆ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ತಾನು ಕಂಡುಕೊಂಡ ಉತ್ತರವನ್ನು ಉಕ್ಕಿನಲ್ಲಿ ಎರಕ ಹೊಯ್ದಿದೆ ಎನ್ನಬಹುದು.

ಚಲಿಸದ ಕೋಟೆ, ಚಲಿಸುವ ಕೋಟೆ

ಬೆಳ್ತಂಗಡಿಯ ಸಮೀಪ ಗಡಾಯಿಕಲ್ಲಿನ ನೆತ್ತಿಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯುಂಟು. ಒಬ್ಬರ ಹಿಂದೆ ಒಬ್ಬರು ಏರಬೇಕಾದ ಕಡಿದಾದ ಮೆಟ್ಟಿಲುಗಳೇ ಅದಕ್ಕೆ ದಾರಿ. ಅದರ ರಕ್ಷಣೆ ಅಪಾರ, ಆದರೆ ಗತಿ ಶೂನ್ಯ. ಶತ್ರುವು ಬುಡದಲ್ಲಿ ಕಾದು ಕುಳಿತರೆ ಕೋಟೆ ಎದ್ದು ಹೋಗಲಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ಕೋಟೆಯೂ ಆಂಗ್ಲರ ವಶವಾಯಿತು.

ಕೋಟೆಗೆ ಚಲನೆಯನ್ನು ನೀಡುವ ಯತ್ನ ಸಫಲವಾದದ್ದು ಪ್ರಥಮ ಮಹಾಯುದ್ಧದಲ್ಲಿ. ಫ್ರಾನ್ಸಿನ ಸೋಮ್ ರಣರಂಗದಲ್ಲಿ ಮುಳ್ಳುತಂತಿಯೂ ಯಂತ್ರಬಂದೂಕುಗಳೂ ಸೈನಿಕರ ಮುನ್ನಡೆಯನ್ನು ತಡೆದಿದ್ದಾಗ, 1916ರ ಸೆಪ್ಟೆಂಬರ್ 15ರಂದು ಬ್ರಿಟಿಷರು ಸುಮಾರು 28 ಟನ್ ತೂಕದ, 8 ಮಂದಿ ಕೂರುವ ಉಕ್ಕಿನ ವಾಹನಗಳನ್ನು ಮೊದಲ ಬಾರಿಗೆ ನುಗ್ಗಿಸಿದರು. ಗುಟ್ಟು ಬಯಲಾಗದಿರಲೆಂದು, ಇವು ನೀರು ತುಂಬುವ ತೊಟ್ಟಿಗಳೆಂಬ ಸುಳ್ಳನ್ನು ಹಬ್ಬಿಸಿದ್ದರು. ‘ಟ್ಯಾಂಕು’ ಎಂಬ ಹೆಸರು ಬಂದುದು ಹೀಗೆ. ಆ ಪದವಾದರೂ ಗುಜರಾತಿ, ಮರಾಠಿಗಳಲ್ಲಿ ನೀರಿನ ಆಸರೆಗೆ ಇರುವ ಹೆಸರಿನಿಂದ ಇಂಗ್ಲಿಷಿಗೆ ಹೋದುದಿರಬಹುದೆಂದು ನಿಘಂಟುಕಾರರು ಹೇಳುತ್ತಾರೆ. ಭಾರತದ ಪಶ್ಚಿಮ ತೀರದ ಮಾತೊಂದು ಜಗತ್ತಿನ ರಣವಾಹನಕ್ಕೆ ಹೆಸರಾದುದು ಸೋಜಿಗವೇ ಸರಿ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಕುದುರೆಯೇರಿ ಭಲ್ಲೆ ಹಿಡಿದು ಗೆದ್ದವು. ಕುದುರೆಯ ಯುಗದ ಸಂಜೆಯೂ ಉಕ್ಕಿನ ರಥದ ಬೆಳಗೂ ಹೀಗೆ ಏಕಕಾಲದಲ್ಲಿ ಸಂಭವಿಸಿದವು.

ಗತಿ: ಕೆಸರಿನ ಪಾಠ

ಐವತ್ತು ಟನ್ ತೂಗುವ ವಾಹನ ನೆಲದಲ್ಲಿ ಹೂತುಹೋಗದೆ ಓಡುವುದು ಹೇಗೆ? ಮೂಡುಬಿದಿರೆಯ ಕಡಲಕೆರೆಯಲ್ಲೋ ವೇಣೂರು ಪೆರ್ಮುಡದಲ್ಲೋ ಕಂಬಳ ನೋಡಿದವರಿಗೆ ಇದರ ಉತ್ತರ ಅಪರಿಚಿತವಲ್ಲ. ಕೆಸರಿನಲ್ಲಿ ಬರಿಗಾಲಿನಿಂದ ನಿಂತವನ ಹೆಜ್ಜೆ ಆಳಕ್ಕಿಳಿಯುತ್ತದೆ. ಆದರೆ ಹಲಗೆಯ ಮೇಲೆ ನಿಂತವನು ಕೋಣಗಳ ಹಿಂದೆ ತೇಲಿದಂತೆ ಸಾಗುತ್ತಾನೆ. ಭಾರ ಅಷ್ಟೇ ಇದ್ದರೂ ಅದು ಹರಡಿಕೊಳ್ಳುವ ಜಾಗ ಹೆಚ್ಚಿದೆ. ಟ್ಯಾಂಕು ತನ್ನ ಹಲಗೆಯನ್ನು ತಾನೇ ಮುಂದೆ ಹಾಸಿಕೊಂಡು, ಅದರ ಮೇಲೆ ಚಕ್ರಗಳನ್ನು ಉರುಳಿಸಿ, ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದಕ್ಕೆ ಹಾಸುತ್ತದೆ. ಅದರ ಇಕ್ಕೆಲಗಳ ಉಕ್ಕಿನ ಸರಪಳಿಪಟ್ಟಿಯ ಕಾರ್ಯ ಇದುವೇ. ಕಾರಿನ ಚಕ್ರ ನೆಲದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಒತ್ತಡ ಹೇರಿದರೆ, ಭಾರತದ ಅರ್ಜುನ್ ಟ್ಯಾಂಕು 58 ಟನ್ ಮೀರಿ ತೂಗಿದರೂ ಹೇರುವ ಒತ್ತಡ 1 ಕಿಲೋಗ್ರಾಮಿಗಿಂತ ಕಡಿಮೆ.

ಆದರೂ ಕೆಸರು ಕೆಸರೇ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಎಂಬಲ್ಲಿ ಪಾಕಿಸ್ತಾನವು ಅಮೆರಿಕದ ಪ್ಯಾಟನ್ ಟ್ಯಾಂಕುಗಳೊಡನೆ ನುಗ್ಗಿತು. ಭಾರತದ ಸೇನೆ ಹೊಲಗಳಿಗೆ ನೀರು ಹರಿಸಿ, ಕಬ್ಬಿನ ತೋಟಗಳ ಮರೆಯಲ್ಲಿ ಕಾದು ನಿಂತಿತು. ಪ್ಯಾಟನ್‌ಗಳು ಕೆಸರಿನಲ್ಲಿ ತಡವರಿಸಿದವು. ನೂರಕ್ಕೆ ಸಮೀಪದ ಪಾಕಿಸ್ತಾನಿ ಟ್ಯಾಂಕುಗಳು ಅಲ್ಲಿ ನಾಶವಾದವು ಅಥವಾ ಸೆರೆಸಿಕ್ಕವು. ಜೀಪಿನ ಮೇಲಿನ ತೋಪಿನಿಂದ ಹಲವು ಟ್ಯಾಂಕುಗಳನ್ನು ಸಂಹರಿಸಿ ಮಡಿದ ಹವಾಲ್ದಾರ್ ಅಬ್ದುಲ್ ಹಮೀದ್ ಮರಣೋತ್ತರ ಪರಮವೀರ ಚಕ್ರಕ್ಕೆ ಪಾತ್ರರಾದರು. ಕರ್ಣನ ಚಕ್ರ ಹೂತ ಕಥೆ ಇಪ್ಪತ್ತನೆಯ ಶತಮಾನದಲ್ಲಿಯೂ ಹಳತಾಗಲಿಲ್ಲ.

ನೇತ್ರಾವತಿಯಂಥ ಹೊಳೆ ಅಡ್ಡವಾದಾಗ ಏನು ಗತಿ? ಸೋವಿಯತ್ ದೇಶವು ಪಿ.ಟಿ.-76 ಎಂಬ ಈಜುವ ಟ್ಯಾಂಕನ್ನು ನಿರ್ಮಿಸಿತು. ಸುಮಾರು 14 ಟನ್ ತೂಕದ ಅದು ನೀರಿನಲ್ಲಿ ದೋಣಿಯಂತೆ ಸಾಗಬಲ್ಲದು. ನದಿಗಳ ನಾಡಾದ ಪೂರ್ವ ಬಂಗಾಳದಲ್ಲಿ 1971ರ ಯುದ್ಧದಲ್ಲಿ ಭಾರತಕ್ಕೆ ಅದು ಒದಗಿಬಂತು. ಆದರೆ ಈಜಲು ಹಗುರವಾಗಿರಬೇಕಾದುದರಿಂದ ಅದರ ಕವಚ ತೆಳು. ಹೊಳೆ ದಾಟಿಸಿದ ಗುಣವೇ ದಡದಲ್ಲಿ ಅಪಾಯವಾಯಿತು.

ಕವಚ: ಇಳಿಜಾರಿನ ಗುಟ್ಟು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡು ಇಳಿಜಾರಾಗಿರುವುದು ಮಳೆಯ ಹೊಡೆತ ನೇರವಾಗಿ ತಾಗದೆ ಜಾರಿಹೋಗಲೆಂದು. ಉಕ್ಕಿನ ಕವಚದಲ್ಲಿಯೂ ಇಳಿಜಾರು ಉಪಯುಕ್ತ. 1940ರಲ್ಲಿ ಸೋವಿಯತ್ ದೇಶದಲ್ಲಿ ತಯಾರಾದ ಟಿ-34 ಟ್ಯಾಂಕಿನ ಮುಂಭಾಗದ ಹಲಗೆಯ ದಪ್ಪ 45 ಮಿಲಿಮೀಟರ್ ಮಾತ್ರ. ಅದನ್ನು ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ಹಿಂದಕ್ಕೆ ವಾಲಿಸಿದ್ದರಿಂದ, ಎದುರಿನಿಂದ ಅಡ್ಡವಾಗಿ ಬರುವ ಗುಂಡು 90 ಮಿಲಿಮೀಟರ್ ಉಕ್ಕನ್ನು ಕೊರೆಯಬೇಕಾಗುತ್ತಿತ್ತು. ಹಲವು ಗುಂಡುಗಳು ಜಾರಿ ಸಿಡಿದುಹೋಗುತ್ತಿದ್ದವು. ಶಾಲೆಯಲ್ಲಿ ಕಲಿಸುವ ತ್ರಿಕೋಣಮಿತಿ ಹೀಗೆ ಸಹಸ್ರಾರು ಯೋಧರ ಪ್ರಾಣ ಉಳಿಸಿತು.

ತರುವಾಯ ಬರಿಯ ಉಕ್ಕು ಸಾಲದಾಯಿತು. ಉಕ್ಕಿನ ಪದರಗಳ ನಡುವೆ ಪಿಂಗಾಣಿಯಂಥ ಗಟ್ಟಿ ವಸ್ತುಗಳನ್ನಿಡುವ ಮಿಶ್ರಕವಚ ಬ್ರಿಟನ್ನಿನಲ್ಲಿ ‘ಚೋಬಮ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಭಾರತದ ‘ಕಾಂಚನ್’ ಕವಚ ಹೈದರಾಬಾದಿನ ಕಾಂಚನ್‌ಬಾಗಿನ ಪ್ರಯೋಗಾಲಯದಲ್ಲಿ ರೂಪುಗೊಂಡು ಆ ಸ್ಥಳದ ಹೆಸರನ್ನೇ ಪಡೆಯಿತು. ಟ್ಯಾಂಕಿನ ಮೈಮೇಲೆ ಇಟ್ಟಿಗೆಗಳಂತೆ ಸ್ಫೋಟಕದ ಪೆಟ್ಟಿಗೆಗಳನ್ನು ಜೋಡಿಸಿ, ಬಂದು ಬಡಿಯುವ ಅಸ್ತ್ರವನ್ನು ಎದುರು ಸ್ಫೋಟದಿಂದ ಕದಡಿಬಿಡುವ ಕ್ರಮವೂ ಉಂಟು.

ಅಸ್ತ್ರ: ಮರಳಿ ಬಂದ ಬಾಣ

ಇಂದಿನ ಪ್ರಮುಖ ಟ್ಯಾಂಕುಗಳ ಫಿರಂಗಿಯ ಬಾಯಿ 120 ಅಥವಾ 125 ಮಿಲಿಮೀಟರ್ ಅಗಲವಾಗಿರುತ್ತದೆ. ಅದು ಹಾರಿಸುವ ಕವಚಭೇದಿ ಗುಂಡು ಉಂಡೆಯಾಕಾರದ್ದಲ್ಲ. ತೆಳ್ಳಗೆ ನೀಳವಾದ, ಹಿಂದೆ ಗರಿಗಳುಳ್ಳ, ಟಂಗ್‌ಸ್ಟನ್‌ನಂಥ ಭಾರಲೋಹದ ಬಾಣವದು. ಅದರಲ್ಲಿ ಮದ್ದು ಇಲ್ಲ. ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ಮೀರಿದ ವೇಗವೇ ಅದರ ಶಕ್ತಿ. ಬಿಲ್ಲನ್ನು ತೊರೆದು ಕೋವಿ ಹಿಡಿದ ಮನುಷ್ಯ ಕೊನೆಗೆ ಕೋವಿಯೊಳಗೇ ಬಾಣವನ್ನು ಹೂಡಿದ್ದಾನೆ.

ದೇಶದೇಶಗಳ ಆಯ್ಕೆ

ರಷ್ಯದ ಟಿ-72 1973ರಲ್ಲಿ ಸೇನೆಗೆ ಸೇರಿತು. ತೂಕ ಸುಮಾರು 41 ಟನ್. ಫಿರಂಗಿಗೆ ಗುಂಡು ತುಂಬುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಮೂವರೇ ಸಾಕು. ವಾಹನ ಕುಳ್ಳು, ಶತ್ರುವಿನ ಗುರಿಗೆ ಸುಲಭವಾಗಿ ಸಿಗದು. ಅಗ್ಗವಾಗಿ, ಬಹುಸಂಖ್ಯೆಯಲ್ಲಿ, ವಿಶಾಲ ಬಯಲಿನಲ್ಲಿ ಓಡಿಸಲು ತಕ್ಕುದು. ಆದರೆ ಮದ್ದುಗುಂಡುಗಳು ಯೋಧರ ಕಾಲಡಿಯಲ್ಲಿಯೇ ವೃತ್ತಾಕಾರವಾಗಿ ಇರುತ್ತವೆ. ಕವಚ ಭೇದಿಸಿದರೆ ಅವು ಸಿಡಿದು ಮೇಲಿನ ಗೋಪುರವನ್ನೇ ಹಾರಿಸಿಬಿಡುತ್ತವೆ. 1991ರ ಕೊಲ್ಲಿ ಯುದ್ಧವೂ 2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧವೂ ಇದನ್ನು ಕಣ್ಣಿಗೆ ಕಟ್ಟಿದಂತೆ ತೋರಿಸಿದವು.

1980ರಲ್ಲಿ ಬಳಕೆಗೆ ಬಂದ ಅಮೆರಿಕದ ಎಂ-1 ಅಬ್ರಾಮ್ಸ್, ಮದ್ದನ್ನು ಗೋಪುರದ ಹಿಂಭಾಗದಲ್ಲಿ ಪ್ರತ್ಯೇಕ ಕೋಣೆಯಲ್ಲಿಡುತ್ತದೆ. ಸ್ಫೋಟವಾದರೆ ಆ ಕೋಣೆಯ ಮುಚ್ಚಳ ಹಾರಿ ಬೆಂಕಿ ಆಕಾಶಕ್ಕೆ ಹೋಗುವುದೇ ಹೊರತು ಒಳಗಿನ ನಾಲ್ವರ ಕಡೆಗಲ್ಲ. ಇದಕ್ಕೆ ತೆತ್ತ ಬೆಲೆ ಭಾರ. ಇತ್ತೀಚಿನ ಅಬ್ರಾಮ್ಸ್ 60 ಟನ್ ಮೀರುತ್ತದೆ. ಅದರ 1,500 ಅಶ್ವಶಕ್ತಿಯ ಟರ್ಬೈನು ಇಂಧನವನ್ನು ಆಪೋಶನ ತೆಗೆದುಕೊಳ್ಳುತ್ತದೆ. 1979ರಲ್ಲಿ ಬಂದ ಜರ್ಮನಿಯ ಲೆಪರ್ಡ್-2 ಅಷ್ಟೇ ಬಲವನ್ನು ಡೀಸೆಲ್ ಎಂಜಿನಿನಿಂದ ಪಡೆಯುತ್ತದೆ.

ಇಸ್ರೇಲ್ ಜನಸಂಖ್ಯೆಯಲ್ಲಿ ಚಿಕ್ಕ ದೇಶ. ನುರಿತ ಒಬ್ಬ ಯೋಧನ ನಷ್ಟವೂ ಅದಕ್ಕೆ ದೊಡ್ಡದು. 1979ರಲ್ಲಿ ಸೇನೆಗೆ ಬಂದ ಅದರ ಮೆರ್ಕಾವಾ ಟ್ಯಾಂಕಿನಲ್ಲಿ ಎಂಜಿನು ಮುಂದಿದೆ. ಹೊಡೆತ ಬಿದ್ದರೆ ಯಂತ್ರ ಕೆಡಲಿ, ಮನುಷ್ಯ ಉಳಿಯಲಿ ಎಂಬುದು ಭಾವ. ಹಿಂಬದಿಯಲ್ಲಿ ಬಾಗಿಲೊಂದಿದ್ದು ಗಾಯಾಳುಗಳನ್ನು ಮರೆಯಲ್ಲಿಯೇ ಹೊರಗೆ ತರಬಹುದು. ಹೀಬ್ರೂ ಭಾಷೆಯಲ್ಲಿ ಮೆರ್ಕಾವಾ ಎಂದರೆ ರಥವೆಂದೇ ಅರ್ಥ.

ಜಪಾನಿನ ಸಮಸ್ಯೆ ಕರಾವಳಿಯವರಿಗೆ ಬೇಗ ಅರ್ಥವಾದೀತು. ಬೆಟ್ಟ, ಹೊಳೆ, ಸೇತುವೆಗಳ ಆ ದೇಶದಲ್ಲಿ 50 ಟನ್ನಿನ ಹಿಂದಿನ ಟ್ಯಾಂಕು ಬಹುಮಟ್ಟಿಗೆ ಉತ್ತರದ ಹೊಕ್ಕೈಡೋ ದ್ವೀಪಕ್ಕೇ ಸೀಮಿತವಾಯಿತು. ಅದಕ್ಕಾಗಿ ಹೊಸ ‘ಟೈಪ್-10’ ಟ್ಯಾಂಕನ್ನು ಸುಮಾರು 44 ಟನ್ನಿಗೆ ಇಳಿಸಿದರು. ಪಾಣೆಮಂಗಳೂರಿನ ಹಳೆಯ ಸೇತುವೆಯನ್ನು ಬಲ್ಲವರು ಇದರ ವಿವೇಕವನ್ನು ಒಪ್ಪಿಯಾರು.

ಟ್ಯಾಂಕಿನ ಬೆನ್ನಿಗೆ ಪದಾತಿಗಳನ್ನು ಕೊಂಡೊಯ್ಯುವ ಕವಚವಾಹನಗಳೂ ಬೇಕು. ರಷ್ಯದ ಬಿ.ಎಂ.ಪಿ. ಇವುಗಳಲ್ಲಿ ಪ್ರಸಿದ್ಧ. ಅದರ ಎರಡನೆಯ ಮಾದರಿ ‘ಸಾರಥ್’ ಎಂಬ ಹೆಸರಿನಿಂದ ಆಂಧ್ರಪ್ರದೇಶದಿಂದ ಬೇರೆಯಾದ ಇಂದಿನ ತೆಲಂಗಾಣದ ಮೇದಕ್‌ನಲ್ಲಿ ತಯಾರಾಯಿತು.

ಭಾರತದ ಸಾಧನೆ, ಕನ್ನಡನಾಡಿನ ಪಾಲು

1965ರಲ್ಲಿ ಮದರಾಸಿನ ಬಳಿಯ ಆವಡಿಯಲ್ಲಿ ಬ್ರಿಟಿಷ್ ನಕ್ಷೆಯ ‘ವಿಜಯಂತ’ ಟ್ಯಾಂಕು ತಯಾರಾಗತೊಡಗಿತು. ಮುಂದೆ ಟಿ-72 ‘ಅಜೇಯ’ವಾಗಿಯೂ ಟಿ-90 ‘ಭೀಷ್ಮ’ವಾಗಿಯೂ ಅಲ್ಲಿಯೇ ಅವತರಿಸಿದವು. 1974ರಲ್ಲಿ ಮಂಜೂರಾದ ಸ್ವದೇಶಿ ‘ಅರ್ಜುನ್’ ಯೋಜನೆ ಸೇನೆಗೆ ಟ್ಯಾಂಕು ಒಪ್ಪಿಸುವಷ್ಟರಲ್ಲಿ 2004 ಬಂತು. ಸುಧಾರಿತ ಅರ್ಜುನ್ ಸುಮಾರು 68 ಟನ್ ತೂಗುತ್ತದೆ. ರಾಜಸ್ಥಾನದ ಮರಳುಗಾಡಿನಲ್ಲಿ ಶಕ್ತಿಶಾಲಿಯಾದ ಅದಕ್ಕೆ ಕಾಲುವೆ, ಸೇತುವೆಗಳ ಪಂಜಾಬು ಇಕ್ಕಟ್ಟು.

ಆದ್ದರಿಂದಲೇ ಟ್ಯಾಂಕಿನಷ್ಟೇ ಅದರ ಸೇತುವೆಯೂ ಮುಖ್ಯ. 1964ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯೂ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ದೊಡ್ಡ ಕಾರ್ಖಾನೆಯೂ ಉಳ್ಳ ಬಿ.ಇ.ಎಂ.ಎಲ್. ಸಂಸ್ಥೆ ‘ಸರ್ವತ್ರ’ ಎಂಬ ಸಂಚಾರಿ ಸೇತುವೆಯ ನಿರ್ಮಾಣದಲ್ಲಿ ಪಾಲ್ಗೊಂಡಿದೆ. ಲಾರಿಗಳ ಮೇಲೆ ಹೊತ್ತೊಯ್ಯುವ 15 ಮೀಟರಿನ ಐದು ತುಂಡುಗಳನ್ನು ಜೋಡಿಸಿದರೆ 75 ಮೀಟರ್ ಅಗಲದ ತಡೆಯನ್ನು ಟ್ಯಾಂಕು ದಾಟಬಲ್ಲದು. ರಣದಲ್ಲಿ ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ಕವಚವಾಹನಗಳನ್ನೂ ಈ ಸಂಸ್ಥೆ ಒದಗಿಸಿದೆ. ಹೂತ ಚಕ್ರವನ್ನು ಎತ್ತಲು ಕರ್ಣನು ತಾನೇ ರಥದಿಂದ ಇಳಿಯಬೇಕಾಯಿತು. ಇಂದಿನ ಯೋಧನಿಗೆ ಅಷ್ಟಾದರೂ ನೆರವುಂಟು.

ಜೋಜಿ ಲಾ ಕಣಿವೆಯ ಪಾಠ

ಬಂಟ್ವಾಳದಿಂದ ಪುತ್ತೂರು, ಸುಳ್ಯಗಳ ಮಾರ್ಗವಾಗಿ ಸಂಪಾಜೆ ಘಟ್ಟವೇರಿದರೆ ಮಡಿಕೇರಿ. 1906ರಲ್ಲಿ ಅಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳಿದರು. 1948ರಲ್ಲಿ ಲಡಾಖಿನ ಹೆಬ್ಬಾಗಿಲಾದ, 11,500 ಅಡಿ ಮೀರಿದ ಜೋಜಿ ಲಾ ಕಣಿವೆಯನ್ನು ಶತ್ರುಗಳು ಹಿಡಿದು ಕೂತಿದ್ದರು. ಸೆಪ್ಟೆಂಬರಿನಲ್ಲಿ ಪದಾತಿದಳದ ಆಕ್ರಮಣ ವಿಫಲವಾಯಿತು. ಅಷ್ಟು ಎತ್ತರಕ್ಕೆ ಟ್ಯಾಂಕು ಏರಬಹುದೆಂದು ಶತ್ರುಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮೇಜರ್ ಜನರಲ್ ತಿಮ್ಮಯ್ಯನವರು 7ನೆಯ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳನ್ನು ಗೋಪುರ ಕಳಚಿ ಗುಟ್ಟಾಗಿ ತರಿಸಿದರು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಯ ಕಾಲುದಾರಿಯನ್ನು ಕಡಿದು ಅಗಲಗೊಳಿಸಿದರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯೇರಿದವು, ಶತ್ರುಗಳು ದಿಕ್ಕೆಟ್ಟರು. ಆ ತಿಂಗಳು ಮುಗಿಯುವ ಮುನ್ನವೇ ಕಾರ್ಗಿಲ್ ಕೈವಶವಾಗಿ ಲೇಹ್‌ಗೆ ದಾರಿ ತೆರೆಯಿತು.

ಆ ಟ್ಯಾಂಕಿನ ತೂಕ ಸುಮಾರು 15 ಟನ್, ಫಿರಂಗಿ 37 ಮಿಲಿಮೀಟರ್ ಮಾತ್ರ. ಯುರೋಪಿನ ರಣರಂಗದಲ್ಲಿ ಅದಾಗಲೇ ಅದು ಅಲ್ಪಬಲವೆನಿಸಿತ್ತು. ಆದರೆ ಜೋಜಿ ಲಾದಲ್ಲಿ ಗೆದ್ದದ್ದು ಅತಿ ದಪ್ಪನೆಯ ಕವಚವಲ್ಲ, ಆ ಸ್ಥಳವನ್ನು ತಲುಪಬಲ್ಲ ಕವಚ. 2020ರಲ್ಲಿ ಪೂರ್ವ ಲಡಾಖಿನಲ್ಲಿ ಚೀನದ ಸೇನೆ ಹಗುರ ಟ್ಯಾಂಕುಗಳೊಡನೆ ಎದುರಾದಾಗ ಈ ಪಾಠ ಮರಳಿ ನೆನಪಾಯಿತು. ಭಾರತ 2024ರಲ್ಲಿ ಪ್ರದರ್ಶಿಸಿದ ‘ಜೋರಾವರ್’ ಟ್ಯಾಂಕಿನ ತೂಕ 25 ಟನ್. ಮಡಿಕೇರಿಯ ತಿಮ್ಮಯ್ಯನವರ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದ್ದು, ಅದರ ಆವರಣದಲ್ಲಿ ಟ್ಯಾಂಕೊಂದನ್ನು ಇರಿಸಲಾಗಿದೆ. ಶಾಲಾ ಪ್ರವಾಸದ ಮಕ್ಕಳಿಗೆ ಅದನ್ನು ತೋರಿಸುವ ಅಧ್ಯಾಪಕರು ಈ ವೃತ್ತಾಂತವನ್ನೂ ಹೇಳುವುದು ಉಚಿತ.

ಉಪಸಂಹಾರ

ಉಕ್ರೇನಿನಲ್ಲಿ ಅಗ್ಗದ ಪುಟ್ಟ ಡ್ರೋನುಗಳು ಕೋಟ್ಯಂತರ ಬೆಲೆಯ ಟ್ಯಾಂಕುಗಳನ್ನು ಅವುಗಳ ತೆಳುವಾದ ನೆತ್ತಿಯ ಮೇಲೆ ಬಿದ್ದು ಸುಟ್ಟಿವೆ. ಕವಚವೆಲ್ಲ ಮುಂದಕ್ಕಿದ್ದಾಗ ಸಾವು ಮೇಲಿನಿಂದ ಬಂತು. ಈಗ ಟ್ಯಾಂಕುಗಳು ತಲೆಯ ಮೇಲೆ ಕಬ್ಬಿಣದ ಜಾಲರಿಯ ಚಪ್ಪರ ಹೊತ್ತು ನಡೆಯುತ್ತಿವೆ. ನಾಳೆ ಇನ್ನೊಂದು ಉಪಾಯ, ಅದಕ್ಕೊಂದು ಪ್ರತ್ಯುಪಾಯ ಬಂದೇ ಬರುತ್ತವೆ.

ಇಷ್ಟೆಲ್ಲ ಉಕ್ಕು, ಗಣಿತ, ಧನಗಳ ಒಳಗೆ ಕುಳಿತಿರುವವರು ಮೂವರೋ ನಾಲ್ವರೋ ಮನುಷ್ಯರು. 1971ರ ಡಿಸೆಂಬರ್ 16ರಂದು ಬಸಂತರ್ ರಣದಲ್ಲಿ ಉರಿಯುತ್ತಿದ್ದ ಟ್ಯಾಂಕನ್ನು ಬಿಡದೆ ಹೋರಾಡಿ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲರಿಗೆ ಆಗ ವಯಸ್ಸು 21. ಶಾಲೆಯ ಬೆಂಚಿನಿಂದ ಎದ್ದು ಹೆಚ್ಚು ವರ್ಷಗಳಾಗಿರಲಿಲ್ಲ. ಟ್ಯಾಂಕುಗಳ ತೂಕ, ವೇಗ, ಫಿರಂಗಿಗಳ ಲೆಕ್ಕವನ್ನು ಕುತೂಹಲದಿಂದ ಕಲಿಯುವ ಬಾಲಕರಿಗೆ ಈ ವಯಸ್ಸಿನ ಲೆಕ್ಕವನ್ನೂ ಕಲಿಸಬೇಕು. ಕರ್ಣಪರ್ವದ ಕೊನೆಯಲ್ಲಿ ಸಭೆ ಮರುಗುವುದು ಮುರಿದ ರಥಕ್ಕಲ್ಲ, ರಥಿಕನಿಗೆ.