ತೋಡಿನ ನೀರು ಕೆಂಪಾದಾಗ

2018ನೆಯ ಇಸವಿಯ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಮೊದಲಾದ ಊರುಗಳಲ್ಲಿ ಗುಡ್ಡಗಳು ಜರಿದು, ತೋಡುಗಳು ಪಾತ್ರವನ್ನು ಮೀರಿ, ತಲೆಮಾರುಗಳಿಂದ ಉತ್ತು ಬಿತ್ತಿದ ಗದ್ದೆಗಳ ಮೇಲೆ ಕೆಸರೂ ಬುಡಮೇಲಾದ ಮರಗಳೂ ಬಂದು ಬಿದ್ದುವು. ಆ ದಿನಗಳ ವರ್ಷಧಾರೆ ಅಸಾಧಾರಣವಾದುದೆಂಬುದು ನಿಜ; ಆದರೆ ಮುಂಗಾರಿನ ಮೊದಲಿನಿಂದಲೂ ನೀರುಂಡ ಮಣ್ಣು ಇನ್ನು ಹೀರಲಾರದ ಸ್ಥಿತಿಯಲ್ಲಿತ್ತೆಂಬುದನ್ನೂ, ರಸ್ತೆಗೆಂದು, ಮನೆಗೆಂದು ಇಳಿಜಾರನ್ನು ಕಡಿದುದರಿಂದ ಬೆಟ್ಟದ ಬುಡವೇ ದುರ್ಬಲವಾಗಿತ್ತೆಂಬುದನ್ನೂ ನಾವು ಮರೆಯಲಾಗದು.

ಕೃಷ್ಣೆಯಂಥ ಮಹಾನದಿಯ ನೆರೆ, ಮೇಲಣ ಜಲಾಶಯಗಳಿಂದ ವಾರ್ತೆಯನ್ನು ಮುಂದಾಗಿ ಕಳುಹಿಸಿ ಬರುತ್ತದೆ. ಬೆಟ್ಟದ ತೋಡಿಗಾದರೋ ಆ ವ್ಯವಧಾನವಿಲ್ಲ. ಒಂದು ಚದರ ಕಿಲೋಮೀಟರ್ ವಿಸ್ತಾರದ ಕಣಿವೆಯಲ್ಲಿ 100 ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು 10 ಕೋಟಿ ಲೀಟರ್, ತೂಕದಲ್ಲಿ ಒಂದು ಲಕ್ಷ ಟನ್; ಇಡೀ ದಿನದಲ್ಲಿ ಬಿದ್ದರೆ ಮಲೆನಾಡು ಅದನ್ನು ತಾಳಿಕೊಂಡೀತು, ಒಂದೇ ಗಂಟೆಯಲ್ಲಿ ಬಿದ್ದರೆ ಅದು ಮೇಘಸ್ಫೋಟ. ದಿನವೊಂದಕ್ಕೆ 204 ಮಿಲಿಮೀಟರನ್ನು ಮೀರಿದುದನ್ನು ಹವಾಮಾನ ಇಲಾಖೆ ಅತ್ಯಂತ ಭಾರೀ ಮಳೆಯೆಂದು ವರ್ಗೀಕರಿಸುವುದು ಜಿಲ್ಲಾಡಳಿತಕ್ಕೆ ಉಪಯುಕ್ತವೇ. ಆದರೆ ತೋಡಿನ ದಂಡೆಯಲ್ಲಿ ಬಾಳುವವನಿಗೆ ಬೇಕಾದುದು ಗಂಟೆಯ ಲೆಕ್ಕ. ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೇರಿಸುವ ಹಳೆಯ ಪದ್ಧತಿಯೊಂದಿದೆ. ಜಡಿಮಳೆ ಹಿಡಿದ ದಿನ ಆ ಪಾತ್ರೆಯನ್ನು ಗಂಟೆಗೊಮ್ಮೆ ನೋಡುವುದಾದರೆ, ದೂರದ ಯಾವ ಕಛೇರಿಯೂ ಹೇಳಲಾಗದ ಸಂಗತಿ ಮನೆಯಂಗಳದಲ್ಲಿಯೇ ತಿಳಿಯುವುದು.

ಅದಕ್ಕಿಂತಲೂ ನಿಷ್ಠುರವಾಗಿ ಸತ್ಯವನ್ನು ನುಡಿಯುವುದು ತೋಡು. ತಿಳಿನೀರು ಒಮ್ಮೆಲೆ ಕೆಂಪಾಗಿ, ಹಸಿರೆಲೆ ಉದುರದ ಕೊಂಬೆಗಳು ತೇಲಿಬಂದು, ನೀರಿನಡಿಯಲ್ಲಿ ಕಲ್ಲಿಗೆ ಕಲ್ಲು ತಾಗಿ ಉರುಳುವ ಸದ್ದು ಕೇಳಿಬಂದರೆ ಮೇಲೆಲ್ಲಿಯೋ ದಂಡೆ ಕುಸಿದಿದೆಯೆಂದೇ ತಿಳಿಯಬೇಕು. ಇವೆಲ್ಲಕ್ಕಿಂತ ಭೀಕರವಾದ ಲಕ್ಷಣವೊಂದುಂಟು. ಅದನ್ನು ಶುಭವೆಂದು ಭ್ರಮಿಸುವವರೇ ಹೆಚ್ಚು. ಮಳೆ ಎಳ್ಳಷ್ಟೂ ತಗ್ಗದಿರುವಾಗ ತೋಡಿನ ನೀರು ಮಾತ್ರ ಇದ್ದಕ್ಕಿದ್ದಂತೆ ಇಳಿಯಿತೆಂದರೆ, ಜರಿದ ಮಣ್ಣೂ ಮರಗಳೂ ಮೇಲೆ ಒಡ್ಡು ಕಟ್ಟಿ ನೀರನ್ನು ತಡೆದಿರಬಹುದು. ಆ ಒಡ್ಡು ಒಡೆದ ಕ್ಷಣ ತಡೆಹಿಡಿದ ನೀರೆಲ್ಲ ಒಂದೇ ಗೋಡೆಯಾಗಿ ಬರುತ್ತದೆ. ಅಂಗಳದಲ್ಲಿ ಬಿರುಕು, ಮುಚ್ಚದ ಬಾಗಿಲು, ವಾಲಿದ ಕಂಬ, ಹೊಸದಾಗಿ ಚಿಮ್ಮಿದ ಒರತೆ, ಇವು ಗುಡ್ಡವೇ ಕೊಡುವ ಎಚ್ಚರಿಕೆಗಳು.

ಇಂಥ ಹೊತ್ತಿನಲ್ಲಿ ನಿಶ್ಚಿತ ಪ್ರಮಾಣಕ್ಕಾಗಿ ಕಾಯುವುದು ತರವಲ್ಲ. ದನಕರುಗಳ ಹಗ್ಗ ಬಿಚ್ಚಿ, ವಿದ್ಯುತ್ತಿನ ಮೇನ್ ಸ್ವಿಚ್ಚನ್ನು ಆರಿಸಿ, ವೃದ್ಧರನ್ನೂ ಮಕ್ಕಳನ್ನೂ ಮುಂದಿಟ್ಟುಕೊಂಡು, ಕಣಿವೆಯುದ್ದಕ್ಕೆ ಕೆಳಗೋಡದೆ, ಜರಿಯುವ ಇಳಿಜಾರುಗಳಿಂದ ದೂರವಾದ ಎತ್ತರದ ನೆಲವನ್ನು ಹಗಲಿರುವಾಗಲೇ ಸೇರಬೇಕು. ರಭಸದ ನೀರು ಕೇವಲ 15 ಸೆಂಟಿಮೀಟರ್ ಇದ್ದರೂ ಆಳನ್ನು ಕೆಡಹಬಲ್ಲುದು, 60 ಸೆಂಟಿಮೀಟರ್ ಇದ್ದರೆ ಕಾರನ್ನು ಒಯ್ಯಬಲ್ಲುದು. ಕೆಂಪು ನೀರಿನ ಕೆಳಗೆ ಮೋರಿ ಉಳಿದಿದೆಯೋ ಇಲ್ಲವೋ ದಡದಲ್ಲಿ ನಿಂತವನಿಗೆ ಕಾಣಿಸದು.

ನೆರೆ ಇಳಿದ ಮೇಲೆ ನಷ್ಟದ ಪಟ್ಟಿಯೇನೋ ತಯಾರಾಗುತ್ತದೆ. ನೀರು ಏರಿದ ಎತ್ತರವನ್ನು ಬರೆದಿಡುವವರು ವಿರಳ. ಗೋಡೆಯ ಕೆಸರುಗೆರೆಯೂ ಬೇಲಿಗೆ ಸಿಕ್ಕ ಕಸಕಡ್ಡಿಯೂ ಮುಂದಿನ ಮನೆಯ ಪಾಯವೆಲ್ಲಿರಬೇಕು, ಮೋರಿ ಎಷ್ಟಗಲವಿರಬೇಕು ಎಂಬುದಕ್ಕೆ ಅತ್ಯಂತ ವಿಶ್ವಾಸಾರ್ಹ ಸಾಕ್ಷಿಗಳು. ಓದುಗರೇ, ಸುಣ್ಣ ಬಳಿಯುವ ಮುನ್ನ ಆ ಗೆರೆಯ ಮೇಲೆ ಬಣ್ಣದಿಂದ ತಾರೀಖನ್ನು ಬರೆಯಿರಿ, ನೆಲದಿಂದ ಅಳೆದು ಪಂಚಾಯಿತಿಯ ಕಡತಕ್ಕೆ ಸೇರಿಸಿರಿ, ಆ ಗೆರೆಯ ಕೆಳಗೆ ಹೊಸ ಮನೆಯೇಳದಂತೆ ಗ್ರಾಮಸಭೆಯಲ್ಲಿ ಆಗ್ರಹಪಡಿಸಿರಿ.