ತುಂಬಿದ ಕೊಳ ಕದಲುವುದಿಲ್ಲ

ನೈರೋಬಿಯಲ್ಲಿ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದರೆ ಕೆಲವೊಮ್ಮೆ ಜೊತೆಗೆ ಈಜುಕೊಳವೂ ಬರುತ್ತದೆ. ಒಂದೆರಡು ತಿಂಗಳು ಮಕ್ಕಳಿಗೆ ಹಬ್ಬ. ಆಮೇಲೆ ನೀರು ಹಸಿರಾಗುತ್ತದೆ. ಊರಿನಲ್ಲಿ ಬಾವಿ ಬರಿದು ಮಾಡಿ ಹೂಳೆತ್ತಿದ್ದನ್ನು ನೋಡಿ ಬೆಳೆದ ನಮಗೆ, ಪಂಪು ಹಾಕಿ ನೀರನ್ನೆಲ್ಲ ಹೊರಚೆಲ್ಲಿ ತಳ ತಿಕ್ಕಿಬಿಡೋಣವೆನ್ನಿಸುವುದು ಸಹಜ. ಆದರೆ ಬಾವಿಯ ಗೋಡೆ ಹೊರಗಿನ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಈಜುಕೊಳ ಹಾಗಲ್ಲ, ಅದು ನೀರು ಸೋರದ ತೊಟ್ಟಿ. ಸುತ್ತಲಿನ ನೆಲ ನೀರು ಕುಡಿದಿದ್ದಾಗ ಬರಿದು ಮಾಡಿದರೆ ಅದು ಮಣ್ಣಿನಲ್ಲಿ ಹೂತಿಟ್ಟ ದೋಣಿಯೇ ಸರಿ.

ಸ್ವಲ್ಪ ಲೆಕ್ಕ ಹಾಕೋಣ. (ಇಂಜಿನಿಯರ್ ಮಿತ್ರರು ಕ್ಷಮಿಸಲಿ, ಇದು ಸ್ಥೂಲ ಲೆಕ್ಕ.) 10 ಮೀಟರು ಉದ್ದ, 5 ಮೀಟರು ಅಗಲ, ಸರಾಸರಿ ಒಂದೂವರೆ ಮೀಟರು ಆಳದ ಕೊಳದಲ್ಲಿ 75 ಟನ್ ನೀರಿರುತ್ತದೆ. ಕಾಂಕ್ರೀಟು 15 ಸೆಂಟಿಮೀಟರು ದಪ್ಪವಿದ್ದರೆ ತೊಟ್ಟಿಯ ತೂಕ ಸುಮಾರು 34 ಟನ್. ಅಂತರ್ಜಲ ತಳಕ್ಕಿಂತ ಒಂದೇ ಮೀಟರು ಮೇಲಿದ್ದರೂ, ಆರ್ಕಿಮಿಡೀಸನ ನಿಯಮದಂತೆ 50 ಟನ್ ಭಾರವನ್ನು ಎತ್ತಬಲ್ಲದು. ತುಂಬಿದ ಕೊಳ 109 ಟನ್, ಚಿಂತೆಯಿಲ್ಲ. ಬರಿದಾದ 34 ಟನ್ನಿನ ತೊಟ್ಟಿಯನ್ನು ಹಿಡಿದಿಡುವುದು ಸುತ್ತಲ ಮಣ್ಣಿನ ಹಿಡಿತ ಮಾತ್ರ. ಅದು ಸೋತರೆ ತಳ ಉಬ್ಬಿ ಬಿರಿಯುತ್ತದೆ, ಪೈಪು ಮುರಿಯುತ್ತದೆ. ಒತ್ತಡ ಇಳಿಸಲೆಂದು ಕೆಲವು ಕೊಳಗಳ ತಳದಲ್ಲಿ ವಾಲ್ವು ಇಟ್ಟಿರುತ್ತಾರೆ. ಹಳೆಯ ವಾಲ್ವು ಮಣ್ಣು ಕಟ್ಟಿ ಕೂತಿದ್ದರೆ ಇದ್ದೂ ಇಲ್ಲದ ಹಾಗೆ.

ನೈರೋಬಿ ಎಂಬ ಹೆಸರೇ ತಣ್ಣೀರನ್ನು ಸೂಚಿಸುವ ಮಾಸಾಯಿ ಮಾತಿನಿಂದ ಬಂದದ್ದು. 1899ರಲ್ಲಿ ರೈಲ್ವೆಯವರು ಇಲ್ಲಿ ಬೀಡುಬಿಟ್ಟದ್ದು ಜೌಗು ನೆಲದಲ್ಲಿ. ವೆಸ್ಟ್‌ಲ್ಯಾಂಡ್ಸ್, ಲ್ಯಾವಿಂಗ್ಟನ್ ಕಡೆ ಕೆಂಪು ಮಣ್ಣು, ನೀರು ಬೇಗ ಇಂಗುತ್ತದೆ. ಸೌತ್ ಸಿ, ಎಂಬಕಾಸಿ ಕಡೆಯದು ನಮ್ಮ ನವಲಗುಂದ, ನರಗುಂದದಂಥದೇ ಎರೆಮಣ್ಣು. ಒಣಗಿದರೆ ಬಿರಿಯುತ್ತದೆ, ನೆನೆದರೆ ಹಿಗ್ಗಿ ಕೊಳದ ಗೋಡೆಯನ್ನು ಒಳಕ್ಕೆ ದೂಡುತ್ತದೆ. ಎದುರು ಒತ್ತಲು ಒಳಗೆ ನೀರು ಬೇಕು. ಆದ್ದರಿಂದ ಮಾರ್ಚಿಯಿಂದ ಮೇವರೆಗೆ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪಂಪಿನ ಮಾತೇ ಬೇಡ. ಮಥಾರೆಯಂಥ ಬಡಾವಣೆಗಳನ್ನು ಮುಳುಗಿಸಿದ 2024ರ ಏಪ್ರಿಲ್ ಮಳೆಯಂಥದು ಬಂದರೆ, ಮೋಡ ಚದುರಿದ ಮೇಲೂ ನೆಲದ ನೀರು ಇಳಿಯಲು ಕಾಲ ಬೇಕು.

ಅಷ್ಟಕ್ಕೂ ಹಸಿರು ಬಣ್ಣ ಪಾಚಿಯದು. ಕ್ಲೋರೀನು, ಬ್ರಷ್ಷು, ಫಿಲ್ಟರು ಮತ್ತು ನಾಲ್ಕು ದಿನದ ತಾಳ್ಮೆ ಸಾಮಾನ್ಯವಾಗಿ ಸಾಕು. ನೀರು ಬದಲಿಸಬೇಕಾಗುವುದು ಬೇರೆ ಕಾರಣಕ್ಕೆ. ಇಲ್ಲಿನ ಬಿಸಿಲು ಕ್ಲೋರೀನನ್ನು ಬೇಗ ತಿಂದುಹಾಕುತ್ತದೆಂದು ಬಿಲ್ಲೆಗಳಲ್ಲಿ ಅದನ್ನು ಸಯನೂರಿಕ್ ಆಮ್ಲದ ಜೊತೆ ಕಟ್ಟಿರುತ್ತಾರೆ. ಕ್ಲೋರೀನು ಖರ್ಚಾಗುತ್ತದೆ, ಆಮ್ಲ ಮಾತ್ರ ಉಳಿದು ಶೇಖರವಾಗುತ್ತದೆ. ಅದು ಹೆಚ್ಚಾದಂತೆ ಕ್ಲೋರೀನು ಮಂದವಾಗುತ್ತದೆ. ಆಗಲೂ ಮೂರನೆಯ ಒಂದು ಭಾಗ ತೆಗೆದು ತುಂಬಿ, ಇನ್ನೊಮ್ಮೆ ಹಾಗೆಯೇ ಮಾಡಿದರೆ ಆಮ್ಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೇಲಿನ ಲೆಕ್ಕದ ಕೊಳದಲ್ಲಿ ಆಗಲೂ 84 ಟನ್ ಭಾರವಿರುತ್ತದೆ.

ರಸಾಯನಶಾಸ್ತ್ರದವರಾದ ನಮಗೆ ಕಾಂಕ್ರೀಟಿಗಿಂತ ಹೆಚ್ಚಿನ ಭಯ ಇನ್ನೊಂದಿದೆ. ರಿಪೇರಿಗೆಂದು ಕೊಳ ಬರಿದು ಮಾಡಿ, ಶಾಂಬಾ ಕೆಲಸದವನ ಕೈಗೆ ಹೈಡ್ರೋಕ್ಲೋರಿಕ್ ಆಮ್ಲ ಕೊಟ್ಟು ತಳಕ್ಕಿಳಿಸುತ್ತಾರೆ. ಅಲ್ಲಿ ಕ್ಲೋರೀನು ಪುಡಿ ಉಳಿದಿದ್ದರೆ ಎರಡೂ ಸೇರಿ ಕ್ಲೋರೀನು ಅನಿಲ ಏಳುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ. ಗುಂಡಿಯಲ್ಲೇ, ಅವನು ಬಗ್ಗಿ ತಿಕ್ಕುವ ಮಟ್ಟದಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಪಂಪನ್ನು ಒಳಗಿಳಿಸಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡು. ಅದಕ್ಕೆ ವಾಸನೆಯೂ ಇಲ್ಲ. ಈ ಕೆಲಸ ಬಲ್ಲವರದು, ಮುಖವಾಡ ಇರುವವರದು.

ತೆಗೆದ ನೀರನ್ನು ಕ್ಲೋರೀನು ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ ಹುಲ್ಲಿಗೆ ಬಿಡಬಹುದು. ಆದರೆ ಕೊಳದಿಂದ ದೂರ, ಇಳಿಜಾರಿನ ಕಡೆಗೆ. ಪಕ್ಕದಲ್ಲೇ ಸುರಿದರೆ ಅದೇ ನೀರು ಇಂಗಿ ತೊಟ್ಟಿಯ ಅಡಿಗೆ ಬಂದು ಸೇರುತ್ತದೆ.